ಚೈತ್ರದಲ್ಲಿ ಬಿಚ್ಚಿದ ಭಾದ್ರಪದದ ಮೇವು

ಹೋಳಿ ಮುಗಿದು ಹದಿನೈದು ದಿನ ಆಗುವಷ್ಟರಲ್ಲಿ ಬೋರವಾಡಿಯ ಆಡುಗಳ ಹಾಲು ಇಳಿಯುತ್ತದೆ. ಔರಾದ ತಾಲ್ಲೂಕಿನ ಆ ಊರಿನಲ್ಲಿ ಇದು ಪ್ರತಿ ವರ್ಷದ ಮಾತು. ಬೇಲಿಯ ಎಲೆ ಉದುರಿರುತ್ತದೆ, ಬದುವಿನ ಹುಲ್ಲು ತಂತಿಯಾಗಿರುತ್ತದೆ. ಆಡುಗಳು ಬೆಳಿಗ್ಗೆ ಹೋಗಿ ಸಂಜೆ ಬರುತ್ತವೆ. ದಿನವೆಲ್ಲ ತಿರುಗಿದರೂ ಪಕ್ಕೆಲುಬಿನ ಹಿಂದೆ ಕುಳಿ ಬಿದ್ದೇ ಇರುತ್ತದೆ. ಮನೆಯಲ್ಲಿ ಇರುವುದು ತೊಗರಿಯ ಹೊಟ್ಟು, ಜೋಳದ ಒಣದಂಟಿನ ಕಣಿಕೆ ಅಷ್ಟೆ. ಅದನ್ನು ತಿಂದು ಜೀವ ಹಿಡಿದುಕೊಳ್ಳಬಹುದು. ಹಾಲು ಎಲ್ಲಿಂದ ಬರಬೇಕು?

ಶೇವಂತಾಬಾಯಿಯ ಮನೆಯಲ್ಲಿ ಉಸ್ಮಾನಾಬಾದಿ ತಳಿಯ ಏಳು ಆಡುಗಳಿದ್ದವು. ಅವುಗಳಲ್ಲಿ ಹರಣಿ ಎಂಬ ಕರಿ ಆಡು ಎಲ್ಲಕ್ಕಿಂತ ಚಂದ, ಎಲ್ಲಕ್ಕಿಂತ ಹೆಚ್ಚು ಹಾಲಿನದು. ಹೋದ ವರ್ಷ ಮಾಘದಲ್ಲಿ ಅದು ಮೂರು ಮರಿ ಹಾಕಿತ್ತು. ತಿಂಗಳು ಕಳೆಯುವಷ್ಟರಲ್ಲಿ ಹಾಲು ಬತ್ತಿತು. ಮರಿಗಳು ಖಾಲಿ ಕೆಚ್ಚಲಿಗೆ ತಲೆ ಗುದ್ದಿ ಗುದ್ದಿ ದಣಿದವು. ಮೊದಲು ಒಂದು ಹೋಯಿತು, ನಾಲ್ಕು ದಿನಕ್ಕೆ ಇನ್ನೊಂದು. ಎರಡನೆಯದು ಸೊಸೆ ಮಹಾಮಾಯಾಳ ಮಡಿಲಲ್ಲೇ ಕಣ್ಣು ಮುಚ್ಚಿತು. ಶೇವಂತಾಬಾಯಿ ಎಷ್ಟೋ ಬೇಸಿಗೆ ಕಂಡವಳು. ಬಿಸಿಲುಗಾಲದ ಮರಿ ಹಿಂಗೇ ಎಂದು ಎದ್ದು ಹೋದಳು. ಮಹಾಮಾಯಾ ಮಾತ್ರ ಅಂದು ಊಟ ಮಾಡಲಿಲ್ಲ.

ಅದರ ಮರು ತಿಂಗಳು ಸ್ವಸಹಾಯ ಸಂಘದ ಸಭೆಯಲ್ಲಿ ಪಶುಸಖಿ ಸಾಯಿಮಾ ಒಂದು ಹೊಸ ವಿಷಯ ತೆಗೆದಳು. ಸಾಯಿಮಾ ಅದೇ ಊರಿನವಳು. ದನ, ಆಡುಗಳ ಆರೈಕೆಯ ತರಬೇತಿ ಪಡೆದು ಮನೆ ಮನೆಗೆ ಹೋಗಿ ಹೇಳಿಕೊಡುವುದು ಅವಳ ಕೆಲಸ. ಮಳೆಗಾಲದಲ್ಲಿ ಹಸಿರು ಮೇವು ಹೆಚ್ಚಾಗಿ ಇರುವಾಗಲೇ ಕತ್ತರಿಸಿ, ಗಾಳಿ ಆಡದಂತೆ ತುಂಬಿಟ್ಟರೆ ಬೇಸಿಗೆಯವರೆಗೂ ಉಳಿಯುತ್ತದೆ ಎಂದಳು. ನಮ್ಮ ಗಡಿಯ ಜನ ಅದಕ್ಕೆ ಮುರಘಾಸ ಅನ್ನುತ್ತಾರೆ. ಪುಸ್ತಕದಲ್ಲಿ ರಸಮೇವು, ಅಂಗಡಿಯಲ್ಲಿ ಸೈಲೇಜ್. ಎಮ್ಮೆ, ಆಕಳಿಗೆ ಕೊಡುವುದನ್ನು ಕೆಲವರು ನೋಡಿದ್ದರು. ಆಡಿಗೂ ಕೊಡಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಮಹಾಮಾಯಾ ಮನೆಗೆ ಬಂದು ಹೇಳಿದಾಗ ಶೇವಂತಾಬಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದಳು.

“ಹಸಿ ಮೇವು ಚೀಲದಾಗ ತುಂಬಿ ಆರು ತಿಂಗಳು ಇಟ್ರ ಅದು ಗೊಬ್ಬರ ಆಗ್ತದ, ಮೇವು ಆಗಂಗಿಲ್ಲ. ಗೊಬ್ಬರ ತಿನ್ನಿಸಿ ಆಡು ಕೊಲ್ಲೂ ಮಂದಿ ನಾವಲ್ಲ.”

ಅವಳು ಸುಮ್ಮನೆ ಹೇಳಿದ ಮಾತಲ್ಲ ಅದು. ಹದಿನೈದು ವರ್ಷದ ಹಿಂದೆ, ಮಳೆಗೆ ನೆನೆದು ಬೂಷ್ಟು ಹಿಡಿದ ಕಣಿಕೆಯನ್ನು ಹಾಳಾಗಬಾರದೆಂದು ಅವಳು ಎರಡು ಆಡುಗಳಿಗೆ ಹಾಕಿದ್ದಳು. ಕೆಲವು ದಿನದಲ್ಲಿ ಎರಡೂ ಕತ್ತು ಒಂದು ಕಡೆ ವಾಲಿಸಿಕೊಂಡು ನಿಂತಲ್ಲೇ ಗಾಣದ ಎತ್ತಿನ ಹಾಗೆ ಸುತ್ತತೊಡಗಿದವು. ಒಂದು ದಿನ ಸುತ್ತಿದವು, ಮರುದಿನ ಬಿದ್ದವು, ಏಳಲಿಲ್ಲ. ಅಂದಿನಿಂದ ಹುಳಿ ವಾಸನೆಯ ಯಾವ ಮೇವನ್ನೂ ಅವಳು ಅಂಗಳಕ್ಕೆ ಬಿಟ್ಟುಕೊಂಡಿರಲಿಲ್ಲ.

ಸಾಯಿಮಾ ಮರುದಿನವೇ ಮನೆಗೆ ಬಂದಳು. ಶೇವಂತಾಬಾಯಿ ಆ ಎರಡು ಆಡುಗಳ ಕಥೆಯನ್ನು ಪೂರ್ತಿ ಹೇಳಿದಳು. ಸಾಯಿಮಾ ನಡುವೆ ಬಾಯಿ ಹಾಕದೆ ಕೇಳಿದಳು. ಆಮೇಲೆ ಹೇಳಿದಳು:

“ಮೌಸಿ, ನಿಮ್ಮ ಅಂಜಿಕಿ ಖರೆ ಅದರಿ. ಬೂಷ್ಟು ಬಂದ ಮೇವು ಕೊಲ್ಲತದ. ನಾನೂ ಅದನ್ನ ಯಾರಿಗೂ ಹಾಕಗೊಡಂಗಿಲ್ಲ. ಆದ್ರ ಹಾಲು ಹೆಪ್ಪಾಗಿ ಮಸರಾಗೂದು ಬ್ಯಾರೆ, ಹಾಲು ಒಡದು ನಾರೂದು ಬ್ಯಾರೆ. ಎರಡೂ ಹುಳಿನೇ. ಒಂದು ನಾವು ಉಣ್ತೀವಿ, ಒಂದು ಚೆಲ್ತೀವಿ. ಇದೂ ಹಂಗ ಅದರಿ.”

ಮಾತು ಶೇವಂತಾಬಾಯಿಗೆ ಹಿಡಿಸಿತು, ನಂಬಿಕೆ ಬರಲಿಲ್ಲ. ಆದರೂ ಸೊಸೆ ಬಿಡದೆ ಕೇಳಿದ್ದರಿಂದ ಮೂವರೂ ಒಂದು ದಿನ ಭಾಲ್ಕಿಗೆ ಹೋದರು. ಊರ ಹೊರಗೆ ಶ್ರೀಪಾದ ಎಂಬುವವರು ಇಪ್ಪತ್ತು ಆಡು ಸಾಕಿದ್ದರು. ಅವರು ಮೂರು ವರ್ಷದಿಂದ ಮುರಘಾಸ ಹಾಕುತ್ತಿದ್ದರು. ಬಿರುಬಿಸಿಲಿನ ವೈಶಾಖ. ಆದರೂ ಅವರ ಆಡುಗಳ ಮೈ ಮೇಲಿನ ಕೂದಲು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಶೇವಂತಾಬಾಯಿ ಮೇವಿನ ಹತ್ತಿರ ಹೋಗಲಿಲ್ಲ. ಆಡುಗಳ ಕೆಚ್ಚಲನ್ನೇ ಬಹಳ ಹೊತ್ತು ನೋಡುತ್ತ ನಿಂತಳು.

ಮಹಾಮಾಯಾ ಪಿಯುಸಿ ಓದಿದವಳು. ಇದು ಯಾಕೆ ಕೊಳೆಯುವುದಿಲ್ಲ ಎಂದು ನೇರವಾಗಿ ಕೇಳಿದಳು. ಶ್ರೀಪಾದ ಒಂದು ಹಿಡಿ ಮೇವು ಅವಳ ಅಂಗೈಗೆ ಹಾಕಿ ವಿವರಿಸಿದರು. ಹೊಲದಲ್ಲಿ ಇರುವಾಗಲೇ ಮೆಕ್ಕೆಜೋಳದ ಪ್ರತಿ ಎಲೆಯ ಮೇಲೆ ಕಣ್ಣಿಗೆ ಕಾಣದ ಜೀವಗಳು ಇರುತ್ತವೆ. ಒಂದು ಹಿಡಿಯಲ್ಲಿ ಲಕ್ಷ ಲಕ್ಷ. ಮೇವನ್ನು ಒತ್ತಿ ತುಂಬಿ ಗಾಳಿ ಮುಚ್ಚಿದ ಕೂಡಲೇ ಅವು ಕೆಲಸಕ್ಕೆ ಇಳಿಯುತ್ತವೆ. ದಂಟಿನ ಸಿಹಿ ತಿಂದು ಹುಳಿ ಬಿಡುತ್ತವೆ. ಆ ಹುಳಿಯಲ್ಲಿ ಕೊಳೆಸುವ ಯಾವ ಜೀವವೂ ಬದುಕುವುದಿಲ್ಲ. ಕೊನೆಗೆ ಹುಳಿ ಹೆಚ್ಚಾಗಿ ಈ ಜೀವಗಳೂ ಸುಮ್ಮನಾಗುತ್ತವೆ. ಅಲ್ಲಿಗೆ ಮೇವು ಇದ್ದ ಹಾಗೆ ನಿಂತುಬಿಡುತ್ತದೆ. ಗಾಳಿ ಸೇರುವ ತನಕ ಅದಕ್ಕೆ ಕಾಲವೇ ಇಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಮಹಾಮಾಯಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಬದುವಿನ ಬೇವು, ರಸ್ತೆ ಬದಿಯ ಕರಿಜಾಲಿ, ಯಾರದೋ ಬಾವಿಯ ಪಕ್ಕದ ತುಂಡು ಹಸಿರು, ಎಲ್ಲದರ ಎಲೆಯ ಮೇಲೂ ಅಂಥ ಲಕ್ಷ ಲಕ್ಷ ಜೀವ ಕೂತಿವೆ. ಹುಟ್ಟಿದಾಗಿನಿಂದ ಅವುಗಳ ನಡುವೆಯೇ ಓಡಾಡಿದ್ದಳು. ಒಂದು ದಿನವೂ ಗೊತ್ತಿರಲಿಲ್ಲ. 

ಮಳೆ ಬಿದ್ದ ಮೇಲೆ ಬಾವಿಯ ಪಕ್ಕದ ಎರಡು ಗುಂಟೆಯಲ್ಲಿ ಮೆಕ್ಕೆಜೋಳ ಬಿತ್ತಿದರು. ಭಾದ್ರಪದದ ಹೊತ್ತಿಗೆ ಆಳೆತ್ತರ ಬಂದಿತ್ತು. ಯಾವಾಗ ಕೊಯ್ಯಬೇಕೆಂದು ಸಾಯಿಮಾ ತೋರಿಸಿದಳು. ತೆನೆಯ ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಚಿಮ್ಮಬಾರದು, ಕಾಳು ಕಲ್ಲೂ ಆಗಿರಬಾರದು. ಒಳಗೆ ಕೋವಾದ ಹಾಗೆ ಗಟ್ಟಿ ಹಾಲು ಇರಬೇಕು. ಬೆಳಿಗ್ಗೆ ಕೊಯ್ದು ಅರ್ಧ ದಿನ ಬಿಸಿಲಿಗೆ ಬಾಡಿಸಿದರು. ಸಂಘದ ಮೇವು ಕತ್ತರಿಸುವ ಯಂತ್ರದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸಣ್ಣಗೆ ಕತ್ತರಿಸಿದರು. ಆಡು ಆರಿಸಿ ತಿನ್ನುವ ಪ್ರಾಣಿ, ದಂಟು ಉದ್ದ ಇದ್ದರೆ ಬಿಟ್ಟುಬಿಡುತ್ತದೆ. ಆಮೇಲೆ ಸಾಯಿಮಾ ಒಂದು ಹಿಡಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಿದಳು. ನೀರು ತೊಟ್ಟಿಕ್ಕಲಿಲ್ಲ. ಉಂಡೆ ಒಮ್ಮೆಲೇ ಉದುರಲೂ ಇಲ್ಲ, ನಿಧಾನವಾಗಿ ಅರಳಿಕೊಂಡಿತು. ಇದೇ ಹದ ಎಂದಳು.

ಮಹಾಮಾಯಾಳ ಗಂಡ ಮಚ್ಛೇಂದ್ರ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಹೋಗುತ್ತಾನೆ. ಕೊಯ್ಲಿಗೆ ನಾಲ್ಕು ದಿನ ಮೊದಲೇ ಅವನು ಉತ್ಸಾಹದಿಂದ ಯಾರೋ ಬಿಸಾಕಿದ ಒಂದು ನೀಲಿ ಡ್ರಮ್ಮು ತಂದಿದ್ದ. ಸಾಯಿಮಾ ಮುಚ್ಚಳ ತೆಗೆದು ಮೂಸಿದಳು. ಒಳಗೆ ಔಷಧಿಯಂಥ ಘಾಟು ಇತ್ತು. ಎಷ್ಟು ತೊಳೆದರೂ ಅದರಲ್ಲಿ ಮೇವು ತುಂಬುವಂತಿಲ್ಲ ಎಂದು ಹೊರಗೆ ಇಡಿಸಿದಳು. ಗೊಬ್ಬರದ ಚೀಲವೂ ಬೇಡ ಎಂದಳು. ಕೆಲವೇ ಆಡು ಇರುವವರಿಗೆ ಸಣ್ಣ ಚೀಲವೇ ಒಳ್ಳೆಯದು, ಬಿಚ್ಚಿದ್ದು ಐದಾರು ದಿನದಲ್ಲಿ ಮುಗಿಯಬೇಕು, ದೊಡ್ಡ ಡ್ರಮ್ಮು ಬಿಚ್ಚಿಟ್ಟರೆ ಬೇಸಿಗೆಯಲ್ಲಿ ತಳದ ಮೇವು ಕೆಡುತ್ತದೆ ಎಂದು ತಿಳಿಸಿದಳು. ಮಚ್ಛೇಂದ್ರ ಮರುದಿನ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಿಂದ ಬೇಳೆ ತುಂಬುವ ಗೋಣಿಚೀಲ ತಂದ. ಒಳಗೆ ಹಾಕಲು ದಪ್ಪ ಪ್ಲಾಸ್ಟಿಕ್ ಚೀಲವನ್ನೂ ತಂದ.

ಕೊಯ್ದ ದಿನ, ಹದ ನೋಡಿದ ಕೂಡಲೇ, ಸ್ವಲ್ಪ ಬೆಲ್ಲದ ನೀರು, ಚೂರು ಉಪ್ಪು ಚಿಮುಕಿಸಿ ತುಂಬತೊಡಗಿದರು. ಒಂದು ಗೇಣು ತುಂಬುವುದು, ಮುಷ್ಟಿಯಿಂದ ಗುದ್ದಿ ಗುದ್ದಿ ಒತ್ತುವುದು, ಮತ್ತೆ ತುಂಬುವುದು. ಮೂಲೆಯಲ್ಲಿ ಬೆರಳಷ್ಟೂ ಪೊಳ್ಳು ಇರಬಾರದು. ಕೊನೆಗೆ ಬಾಯಿ ಹಿಂಡಿ ಗಾಳಿ ತೆಗೆದು, ತಿರುವಿ ಕಟ್ಟಿ, ಮಡಿಸಿ ಮತ್ತೊಮ್ಮೆ ಕಟ್ಟುವುದು. ಸಂಜೆಗೆ ಹದಿನಾಲ್ಕು ಚೀಲವಾದವು. ಇಲಿ ಕಡಿಯದಂತೆ ಒಳಕೋಣೆಯಲ್ಲಿ ಹಲಗೆಯ ಮೇಲೆ ಜೋಡಿಸಿದರು. ಕನಿಷ್ಠ ನಲವತ್ತೈದು ದಿನ ಯಾರೂ ಮುಟ್ಟುವಂತಿಲ್ಲ ಎಂದು ಸಾಯಿಮಾ ಹೇಳಿ ಹೋದಳು. ಶೇವಂತಾಬಾಯಿ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಮೇವಿಗೆ ಮಾತ್ರ ಕೈ ಹಚ್ಚಲಿಲ್ಲ.

ಹನ್ನೆರಡನೆಯ ದಿನ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಒಳಕೋಣೆಯ ಕಡೆಗೆ ಹೋಗದೆ ಇರಲು ಅವಳಿಂದ ಆಗಲಿಲ್ಲ. ಕೊಳೆಯುತ್ತಿದ್ದರೆ ಈಗಲೇ ಗೊತ್ತಾಗಲಿ, ಆಡುಗಳ ಬಾಯಿಗೆ ಬೀಳುವ ಮೊದಲೇ ತಿಪ್ಪೆಗೆ ಹೋಗಲಿ ಎಂದುಕೊಂಡು ಬಾಗಿಲ ಪಕ್ಕದ ಚೀಲ ಬಿಚ್ಚಿದಳು. ಮೂಗಿಗೆ ಹುಳಿ ಬಡಿಯಿತು. ಕೈ ಹಾಕಿ ಕೆದಕಿ ನೋಡಿದಳು. ಅಷ್ಟರಲ್ಲಿ ಹೊರಗೆ ಯಾರದೋ ಹೆಜ್ಜೆ ಸಪ್ಪಳ. ಗಡಬಡಿಸಿ ಒಂದೇ ಗಂಟು ಹಾಕಿ ಎದ್ದು ಬಂದಳು. ಯಾರಿಗೂ ಹೇಳಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಫಾಲ್ಗುಣದಲ್ಲಿ ಹರಣಿ ಮತ್ತೆ ಮೂರು ಮರಿ ಹಾಕಿತು. ಹೋಳಿ ದಾಟಿತು. ಯುಗಾದಿಯ ಹೊತ್ತಿಗೆ ಹಾಲು ಇಳಿದು, ಮರಿಗಳು ಕುಡಿದ ಮೇಲೆ ಹಿಂಡಿದರೆ ಬಟ್ಟಲಿನ ತಳವೂ ಮುಚ್ಚುತ್ತಿರಲಿಲ್ಲ. ಮೂರರಲ್ಲಿ ಸಣ್ಣ ಮರಿ ನಿಲ್ಲುವಾಗ ನಡುಗತೊಡಗಿತು. ಮಹಾಮಾಯಾ ಸಾಯಿಮಾಳನ್ನು ಕರೆಸಿದಳು. ಚೀಲ ಬಿಚ್ಚುವುದನ್ನು ನೋಡಲು ಸಂಘದ ಹೆಂಗಸರೂ ಬಂದರು. ಓಣಿಯ ಹಿರಿಯಳಾದ ಅಕ್ತರಬೀಯೂ ಕೋಲೂರಿಕೊಂಡು ಬಂದಳು.

ಕೈಗೆ ಮೊದಲು ಸಿಕ್ಕಿದ್ದು ಬಾಗಿಲ ಪಕ್ಕದ ಚೀಲ. ಬಾಯಿ ಬಿಚ್ಚಿದ ಕೂಡಲೇ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಮೇವು ಕಪ್ಪಾಗಿತ್ತು, ಲೋಳೆಯಾಗಿತ್ತು. ಮೇಲೆಲ್ಲ ಬಿಳಿ ಬೂಷ್ಟು ಹತ್ತಿಯ ಹಾಗೆ ಹಬ್ಬಿತ್ತು.  ಅಕ್ತರಬೀ ನಿಟ್ಟುಸಿರು ಬಿಟ್ಟು ಹೊರಡಲು ಎದ್ದಳು.

ಸಾಯಿಮಾಳ ಮುಖ ಸಣ್ಣಗಾಯಿತು. ಅವಳು ಚೀಲದ ಬಾಯಿ ಮುಚ್ಚಿ ಎಲ್ಲರ ಕಡೆಗೆ ತಿರುಗಿದಳು.

“ತಪ್ಪು ನಂದರಿ. ಒತ್ತಿ ತುಂಬೂದು ನಾ ಸರಿ ತೋರ್ಸಿಲ್ಲ ಕಾಣ್ತದ. ಇದನ್ನ ಒಂದು ಹಿಡಿ ಸುದ್ದಾ ಯಾವ ಜೀವಕ್ಕೂ ಹಾಕಬ್ಯಾಡ್ರಿ.”

ಶೇವಂತಾಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ತಾನು ಹೇಳಿದ್ದೇ ನಿಜವಾಯಿತು ಎಂದು ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ. ಸುಮ್ಮನಿದ್ದರೆ ಸಾಕು, ಈ ಮನೆಯಲ್ಲಿ ಮತ್ತೆ ಯಾರೂ ಮುರಘಾಸದ ಹೆಸರು ಎತ್ತುವುದಿಲ್ಲ. ಆದರೆ ಆ ಹುಡುಗಿ, ಬಿಸಿಲಿನಲ್ಲಿ ಮನೆ ಮನೆ ತಿರುಗಿ ಜನರ ಆಡುಗಳಿಗೆ ಲಸಿಕೆ ಹಾಕಿಸುವ ಹುಡುಗಿ, ತನ್ನದಲ್ಲದ ತಪ್ಪನ್ನು ಹತ್ತು ಜನರೆದುರು ತಲೆ ಮೇಲೆ ಹೊತ್ತು ನಿಂತಿದ್ದಳು.

“ಆಕಿ ತಪ್ಪಿಲ್ಲ,” ಎಂದಳು ಶೇವಂತಾಬಾಯಿ. “ಆ ಚೀಲ ನಾ ಬಿಚ್ಚಿದ್ದೆ. ಹನ್ನೆರಡನೇ ದಿನಕ್ಕ. ತಿರುಗಿ ಸರಿ ಕಟ್ಟಲಿಲ್ಲ.”

ಮಹಾಮಾಯಾ ಅತ್ತೆಯ ಮುಖ ನೋಡಿದಳು. ಯಾಕ ಹೇಳಲಿಲ್ಲ ಆಯಿ ಎಂದು ಕೇಳುವವಳಿದ್ದಳು, ಬದಲಿಗೆ ಕೆಟ್ಟ ಚೀಲವನ್ನು ಬಾಗಿಲಾಚೆ ಎಳೆದಿಟ್ಟಳು. ಸಾಯಿಮಾ ಅಲ್ಲೇ ನೆಲದ ಮೇಲೆ ಕುಳಿತು ಒಂದು ದೊಡ್ಡ ಉಸಿರು ಬಿಟ್ಟಳು.

“ಹಂಗಾದ್ರ ಇನ್ನೊಂದು ಬಿಚ್ಚೂಣು ಮೌಸಿ. ಈ ಸಲ ನೀವ ಬಿಚ್ಚರಿ.”

ಶೇವಂತಾಬಾಯಿ ಒಳಗಿನ ಸಾಲಿನ ಒಂದು ಚೀಲದ ಮುಂದೆ ಕುಳಿತಳು. ಹೊರಗಿನ ಗಂಟು, ಒಳಗಿನ ಗಂಟು, ಎರಡೂ ಸಾಯಿಮಾ ಹಾಕಿದ ಹಾಗೆಯೇ ಬಿಗಿಯಾಗಿದ್ದವು. ಒಂದೊಂದಾಗಿ ಬಿಚ್ಚಿದಳು.

ಬಾಯಿ ತೆರೆಯಿತು. ಮೊದಲು ಬಂದದ್ದು ವಾಸನೆ. ಮಾಗಿದ ಹಣ್ಣಿನದು, ಬೆಲ್ಲದ್ದು, ಸಿಹಿ ಮಜ್ಜಿಗೆಯದು, ಎಲ್ಲ ಕೂಡಿದ ಒಂದು ತಿಳಿ ಹುಳಿ ವಾಸನೆ ಕೋಣೆಯ ತುಂಬ ಹರಡಿತು. ಸೆರಗು ಮುಚ್ಚಿಕೊಂಡವರು ಒಬ್ಬೊಬ್ಬರಾಗಿ ಸೆರಗು ಕೆಳಗಿಳಿಸಿದರು. ಒಳಗೆ ಮೇವು ಇತ್ತು. ಎಲೆಯ ಹಸಿರಿಗೆ ಹೊನ್ನಿನ ಬಣ್ಣ ಸೇರಿತ್ತು. ತೆನೆಯ ಕಾಳು ಕಾಳಾಗಿಯೇ ಇತ್ತು. ಶೇವಂತಾಬಾಯಿ ಕೈ ಇಟ್ಟಳು. ತಣ್ಣಗಿತ್ತು, ಹಸಿ ಇತ್ತು. ಒಂದು ಹಿಡಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೊರಗೆ ಅಂಗಳದ ಮಣ್ಣು ಬಿಳಿಚಿಕೊಂಡು ಕಾಯುತ್ತಿತ್ತು. ಕಣ್ಣು ಹಾಯುವಷ್ಟು ದೂರ ಒಂದು ಹಸಿ ಎಲೆ ಇರಲಿಲ್ಲ. ಅವಳ ಅಂಗೈಯಲ್ಲಿ ಮಾತ್ರ ಮಳೆಗಾಲ ಇತ್ತು.

“ಆರು ತಿಂಗಳಾತು ಕೊಯ್ದು,” ಎಂದಳು ಮೆಲ್ಲಗೆ. “ಇನ್ನಾ ರಸ ಅದ ಇದರಾಗ.”

ಅಕ್ತರಬೀ ಬಗ್ಗಿ ಒಂದು ಚಿಟಿಕೆ ತೆಗೆದು ಮೂಸಿದಳು, ಮತ್ತೆ ಮೂಸಿದಳು, ಪಕ್ಕದವಳ ಕೈಗೆ ಕೊಟ್ಟಳು. ಆ ಚಿಟಿಕೆ ಮೇವು ಪ್ರಸಾದದ ಹಾಗೆ ಕೈಯಿಂದ ಕೈಗೆ ಹೋಯಿತು. 

ಕೆಟ್ಟ ಚೀಲವನ್ನು ಮಚ್ಛೇಂದ್ರ ಆಡುಗಳು ಹೋಗದ ಕಡೆ ಆಳವಾಗಿ ಹೂತುಬಂದ. ಹರಣಿಗೆ ಮೊದಲ ದಿನ ಒಂದೇ ಹಿಡಿ ಹಾಕಿದರು. ಅದು ಮೂಸಿ, ಸೀನಿ, ಮುಖ ತಿರುಗಿಸಿತು. ಮರುದಿನ ತೊಗರಿ ಹೊಟ್ಟಿನಲ್ಲಿ ಬೆರೆಸಿ ಹಾಕಿದರು. ಹೊಟ್ಟು ಆರಿಸಿ ತಿನ್ನಲು ಹೋಗಿ ಮುರಘಾಸವೂ ಬಾಯಿಗೆ ಹೋಯಿತು. ಐದನೆಯ ದಿನ ಚೀಲದ ಸಪ್ಪಳ ಕೇಳಿದರೆ ಸಾಕು, ಹಗ್ಗ ಜಗ್ಗತೊಡಗಿತು. ಹಸಿವಾದ ಆಡಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ಹೊಟ್ಟೆ ಕೆಡುತ್ತದೆ ಎಂದು ಸಾಯಿಮಾ ದಿನಾ ಎಚ್ಚರಿಸುತ್ತಿದ್ದಳು. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ, ಹಾಲು ಕೊಡುವ ಆಡಿಗೆ ದಿನಕ್ಕೆ ಒಂದೂವರೆ ಕಿಲೋ ಮಾಡಿದರು. ಜೊತೆಗೆ ಹೊಟ್ಟು, ಒಂದು ಹಿಡಿ ಕಾಳಿನ ನುಚ್ಚು, ಬೇಕಾದಷ್ಟು ನೀರು ಇದ್ದೇ ಇತ್ತು. ಹಾಲಿಗೆ ವಾಸನೆ ಹತ್ತದಂತೆ, ಹಿಂಡಿದ ಮೇಲೆಯೇ ಮುರಘಾಸ ಹಾಕುತ್ತಿದ್ದರು.

ಹದಿನಾರನೆಯ ದಿನ ಬೆಳಿಗ್ಗೆ ಶೇವಂತಾಬಾಯಿ ಎಂದಿನಂತೆ ಹಾಲು ಹಿಂಡಲು ಕುಳಿತಳು. ಮೂರೂ ಮರಿಗಳು ಕುಡಿದು ಬಿಟ್ಟಿದ್ದವು. ಮೊದಲ ಧಾರೆ ಪಾತ್ರೆಯ ತಳಕ್ಕೆ ಬಡಿದು ಸದ್ದು ಮಾಡಿತು. ಎರಡನೆಯದು, ಮೂರನೆಯದು. ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ತಳದ ಸದ್ದು ಹೋಗಿ ಹಾಲಿನ ಮೇಲೆ ಹಾಲು ಬೀಳುವ ಸದ್ದು ಬಂತು. ನೊರೆ ಎದ್ದಿತು. ಅರ್ಧ ಲೀಟರಿನ ಪಾತ್ರೆ, ಕಂಠದವರೆಗೆ ಬಂತು. ಚೈತ್ರದಲ್ಲಿ ಆ ಮನೆಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ.

ಅವಳು ಪಾತ್ರೆ ಕೆಳಗಿಟ್ಟು ಹರಣಿಯ ಹೊಟ್ಟೆಯ ಮೇಲೆ ಕೈ ಇಟ್ಟಳು. ಚರ್ಮದ ಕೆಳಗೆ ಮೇವು ಮಗ್ಗುಲು ಬದಲಿಸುವುದು ಅಂಗೈಗೆ ತಿಳಿಯುತ್ತಿತ್ತು. ಬಾವಿಯ ಪಕ್ಕದ ಮಣ್ಣು, ಮಳೆ, ಮೆಕ್ಕೆಜೋಳ. ಕತ್ತಲ ಚೀಲದಲ್ಲಿ ಯಾರೂ ಕಾಣದ ಜೀವಗಳ ಕೆಲಸ. ಆಮೇಲೆ ಈ ಕರಿ ಹೊಟ್ಟೆಯೊಳಗೆ ಮತ್ತೆ ಯಾರೂ ಕಾಣದ ಕೆಲಸ. ಕೊನೆಗೆ ಬೆಳ್ಳಗಿನ ಹಾಲು. ಅರವತ್ತು ವರ್ಷ ಆಡಿನ ಜೊತೆ ಬದುಕಿದ್ದಳು. ಇದನ್ನು ಇಂದೇ ಮೊದಲ ಸಲ ನೋಡುತ್ತಿದ್ದೇನೆ ಎನ್ನಿಸಿ ಅವಳ ಕಣ್ಣು ತುಂಬಿತು. ಸೊಸೆಯನ್ನು ಕರೆದು ಪಾತ್ರೆಯನ್ನು ಅವಳ ಎರಡೂ ಕೈಗೆ ಕೊಟ್ಟಳು. ಇಬ್ಬರೂ ಅದನ್ನು ನೋಡುತ್ತ ನಿಂತರು.

ನಡುಗುತ್ತಿದ್ದ ಸಣ್ಣ ಮರಿ ವೈಶಾಖದಲ್ಲಿ ಅಕ್ತರಬೀಯ ಕಟ್ಟೆ ಹತ್ತಿ ಅವಳು ಒಣಗಲು ಹಾಕಿದ ಸಂಡಿಗೆ ತುಳಿಯಿತು. ಅವಳು ಬೈದಳು, ಬೈಯುತ್ತಲೇ ಅದನ್ನು ಎತ್ತಿ ತಂದುಕೊಟ್ಟಳು. ಮೂರು ಮರಿಗಳೂ ಉಳಿದವು.

ಮುಂದಿನ ಸಭೆಯಲ್ಲಿ ಶೇವಂತಾಬಾಯಿ ಎದ್ದು ನಿಂತು ಮೊದಲು ತನ್ನ ತಪ್ಪು ಹೇಳಿದಳು. ಆ ಕೆಟ್ಟ ಚೀಲದ ಬಣ್ಣ, ವಾಸನೆ ಹೇಗಿತ್ತೆಂದು ಬಿಡಿಸಿ ಹೇಳಿದಳು. ಒಳ್ಳೆಯದು ಯಾವುದು, ಕೊಲ್ಲುವುದು ಯಾವುದು, ಎರಡನ್ನೂ ಕೈಯಾರೆ ಆಡಿಗೆ ಹಾಕಿ ಕಂಡವಳು ಬೋರವಾಡಿಯಲ್ಲಿ ತಾನೊಬ್ಬಳೇ ಎಂದಳು. ಈ ಮಳೆಗಾಲಕ್ಕೆ ಅವರ ಮನೆಯಲ್ಲಿ ಐದು ಗುಂಟೆ ಮೆಕ್ಕೆಜೋಳ. ಕಾಳು ಒತ್ತಿ ಹದ ನೋಡುವುದು ಅವಳದೇ ಉಗುರು.

ಆಡು ಸಾಕಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದ ಎಲೆಯ ಮೇಲೂ ಆ ಲಕ್ಷ ಲಕ್ಷ ಜೀವಗಳು ಈಗ ಕೂತಿವೆ. ಕೂಲಿ ಕೇಳುವುದಿಲ್ಲ, ಗಾಳಿಯಿಲ್ಲದ ಒಂದು ಜಾಗ ಮಾತ್ರ ಕೇಳುತ್ತವೆ. ಈ ಮಳೆಗಾಲದಲ್ಲಿ ಮೆಕ್ಕೆಜೋಳಕ್ಕೆ ಎರಡೇ ಗುಂಟೆ ಬಿಡಿ. ಹಾಲುಗಾಳು ಗಟ್ಟಿಯಾಗುವಾಗ ಕೊಯ್ಯಿರಿ, ಸಣ್ಣಗೆ ಕತ್ತರಿಸಿ, ಒತ್ತಿ ತುಂಬಿ, ಎರಡು ಸಲ ಕಟ್ಟಿ, ನಲವತ್ತೈದು ದಿನ ಬಿಟ್ಟುಬಿಡಿ. ಕಪ್ಪಾದದ್ದನ್ನು, ಬೂಷ್ಟು ಬಂದದ್ದನ್ನು, ನಾರುವುದನ್ನು ಎಂದೂ ಹಾಕಬೇಡಿ. ಗಬ್ಬದ ಆಡು ಇದ್ದರೆ ನಿಮ್ಮ ಪಶುವೈದ್ಯರನ್ನು ಕೇಳಿಯೇ ಹಾಕಿ. ಗೊತ್ತಾಗದಿದ್ದರೆ ನಿಮ್ಮ ಊರಿನ ಪಶುಸಖಿಯ ಮನೆ ದೂರವಿಲ್ಲ. ಬೇಸಿಗೆಯಲ್ಲಿ ಮೊದಲ ಚೀಲ ಬಿಚ್ಚುವ ದಿನ ಬಾಗಿಲು ಹಾಕಿಕೊಳ್ಳಬೇಡಿ. ಓಣಿಯವರನ್ನೆಲ್ಲ ಕರೆಯಿರಿ. ಒಂದು ಹಿಡಿ ಅವರ ಅಂಗೈಗೂ ಹಾಕಿ.